ಕಲ್ಲಿನ ಮೇಲಿನ ಬಿಳಿ ಕುಚ್ಚು

"ಇನ್ನೂ ಎಷ್ಟು ಹೊತ್ತು ಅದನ್ನೇ ತಿರುಗಿಸ್ತಾ ಕೂತಿರ್ತೀಯ ಹಾರ್ಲನ್? ಹೌದಾದ್ರೆ ಹೌದು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಒಲೆ ಮೇಲೆ ಕೋಳಿ ಇಟ್ಟು ಬಂದಿದೀನಿ ನಾನು," ಎಂದಳು ನೆಲ್ಡಾ.

ಹಾರ್ಲನ್ ಕೈಯಲ್ಲಿದ್ದುದನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಒಂದು ಬಾಗಿದ ತಂತಿ, ತಂತಿಯ ತುದಿಯಲ್ಲಿ ಎರಡು ತಗಡಿನ ಎಲೆ, ಗಾಳದ ಕೊಕ್ಕೆ ಕಾಣದಂತೆ ಮುಚ್ಚಿದ ಬಿಳಿ ರಬ್ಬರಿನ ಕುಚ್ಚು. ನೀರಿನಲ್ಲಿ ಎಳೆದರೆ ಎಲೆಗಳು ಗಿರಗಿರನೆ ತಿರುಗಿ ಮಿಂಚುತ್ತವೆ. ಸಣ್ಣ ಮೀನುಗಳ ಹಿಂಡು ಹೋಗುತ್ತಿದೆ ಎಂದುಕೊಂಡು ಬ್ಯಾಸ್ ಮೀನು ಬಾಯಿ ಹಾಕುತ್ತದೆ. ಹಾಗಂತ ಊರಿನವರೆಲ್ಲ ನಂಬಿದ್ದರು.

ಕಾರು ನಿಲ್ಲಿಸುವ ಚಪ್ಪರದಡಿ ಎರಡು ಪೀಪಾಯಿಗಳ ಮೇಲೆ ಹಳೆಯದೊಂದು ಬಾಗಿಲನ್ನು ಅಡ್ಡ ಹಾಸಿ, ನೆಲ್ಡಾ ತನ್ನ ಗಂಡನ ಗಾಳದ ಪೆಟ್ಟಿಗೆಗಳನ್ನೆಲ್ಲ ತೆರೆದಿಟ್ಟಿದ್ದಳು. ರಬ್ಬರಿನ ಹುಳು, ರಬ್ಬರಿನ ಕಪ್ಪೆ, ಬಣ್ಣ ಬಳಿದ ಮೀನು, ಗಿಲಕಿಯಂತೆ ಸದ್ದು ಮಾಡುವ ಮೀನು. ಮೀನಿಗೆ ಮೋಸ ಮಾಡಲು ಮನುಷ್ಯ ಏನೇನು ಹುಸಿ ಎರೆ ಹುಟ್ಟಿಸಿದ್ದಾನೋ ಅದೆಲ್ಲ ಅಲ್ಲಿತ್ತು. ಪೆಟ್ಟಿಗೆಗಳ ಯಜಮಾನ ಕ್ಲೋವಿಸ್ ರಾಗ್ಸ್‌ಡೇಲ್ ಚಳಿಗಾಲದ ನಡುವೆ, ಸೌದೆ ಒಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತು, ಮತ್ತೆ ಏಳಲಿಲ್ಲ. ಈಗ ಅವನ ಸಮಾಧಿಗೆ ಕರಿಕಲ್ಲು ಆಗಬೇಕಿತ್ತು. ಹೆಸರು, ಹುಟ್ಟಿದ್ದು, ಹೋದದ್ದು, ಅದರ ಕೆಳಗೆ ನೀರಿನಿಂದ ಚಿಮ್ಮುತ್ತಿರುವ ಒಂದು ಬ್ಯಾಸ್, ಅದರ ಬಾಯಲ್ಲಿ ಕ್ಲೋವಿಸ್‌ಗೆ ಇಷ್ಟವಾದ ಎರೆ. ಅಲಬಾಮದ ಆ ಭಾಗದಲ್ಲಿ ರೈತ ಸತ್ತರೆ ಕಲ್ಲಿನ ಮೇಲೆ ಟ್ರ್ಯಾಕ್ಟರು, ಗಾಳದವನು ಸತ್ತರೆ ಮೀನು.

"ಇದೇ ಅಂತ ನನಗೂ ಗೊತ್ತು," ಎಂದಳು ನೆಲ್ಡಾ. "ಎಲ್ಲಾ ಫೋಟೋದಲ್ಲೂ ಇದೇ ಇದೆ. ಆದ್ರೂ ಇಷ್ಟು ವರ್ಷ ಒಂದೇ ದೋಣಿಯಲ್ಲಿ ಅವನ ಜೊತೆ ಕೂತವನು ನೀನು. ನಿನ್ನ ಬಾಯಿಂದ ಒಂದು ಮಾತು ಬಂದ್ರೆ ನನಗೆ ಸಮಾಧಾನ. ಕಲ್ಲಿನ ಮೇಲೆ ಕೊರೆದ ಮೇಲೆ ಅಳಿಸೋಕಾಗಲ್ಲ ನೋಡು."

"ಡಬ್ ಕೊರೀತಾನಾ?"

"ಇನ್ಯಾರು? ಅವನು ಬಿಟ್ರೆ ಈ ಸುತ್ತಿನಲ್ಲಿ ಇನ್ನೊಬ್ಬ ಕಲ್ಲಿನವನು ಎಲ್ಲಿದಾನೆ? ನಾಲ್ಕು ಗಂಟೆಗೆ ಎರೆ ತಗೊಂಡು ಬನ್ನಿ ಅಂದಿದಾನೆ, ನೋಡ್ಕೊಂಡು ಬರೀಬೇಕಂತೆ."

ಡಬ್ ಪ್ರೂಯಿಟ್‌ನ ಹೆಸರು ಕೇಳಿದ್ದೇ ಹಾರ್ಲನ್‌ಗೆ ಕುಳಿತ ಸ್ಟೂಲು ಚುಚ್ಚತೊಡಗಿತು. ಎದ್ದ. ಚಪ್ಪರದ ತುದಿಯವರೆಗೆ ಹೋಗಿ, ಹೂಬಿಟ್ಟ ಡಾಗ್‌ವುಡ್ ಮರವನ್ನು ಎಂದೂ ನೋಡಿಲ್ಲದವನಂತೆ ನೋಡಿದ. ಆ ಮರ ಹೂಬಿಟ್ಟಿತೆಂದರೆ ಬ್ಯಾಸ್ ಮೀನು ಆಳ ಬಿಟ್ಟು ದಡಕ್ಕೆ ಬಂದಿತೆಂದೇ ಲೆಕ್ಕ. ಊರಿನ ಗಾಳದ ಕ್ಲಬ್ಬು ನಡೆಸುವ ವಸಂತದ ಕಪ್ ಪಂದ್ಯ ಹತ್ತಿರ ಬಂದಿತ್ತು. ಅವನು ತಿರುಗಿ ಬಂದು ಕುಳಿತ, ಕಾಲು ಅಲ್ಲಾಡಿಸತೊಡಗಿದ.

ವಿಷಯ ಇಷ್ಟೇ. ಕ್ಲೋವಿಸ್ ತನ್ನ ಜೀವಮಾನದಲ್ಲಿ ಬಿಳಿ ಕುಚ್ಚಿನಿಂದ ಹೇಳಿಕೊಳ್ಳುವಂಥ ಒಂದು ಮೀನನ್ನೂ ಹಿಡಿದಿರಲಿಲ್ಲ. ಇಬ್ಬರೂ ಕಪ್ ಮೇಲೆ ಕಪ್ ಗೆದ್ದದ್ದು, ಕ್ಲೋವಿಸ್ ತನ್ನ ಕೈಯಾರೆ ಕೆತ್ತಿದ ಒಂದು ಕಂದು ಬಣ್ಣದ ಮರದ ಮೀನಿನಿಂದ. ನೋಡಲು ದರಿದ್ರವಾಗಿತ್ತು. ಒಂದು ಕಣ್ಣು ದೊಡ್ಡದು, ಒಂದು ಸಣ್ಣದು, ನೀರಿನಲ್ಲಿ ಕುಡಿದವನ ಹಾಗೆ ಓಲಾಡುತ್ತ ಬರುತ್ತಿತ್ತು. ಆದರೆ ಕೆರೆಯ ಮೀನುಗಳಿಗೆ ಅದರಲ್ಲಿ ಅದೇನು ಕಂಡಿತ್ತೋ. ಸಂಜೆ ಮೀನು ತೂಗಿಸಲು ಬರುವಾಗ ಸೇತುವೆಯ ಕಂಬದ ಮರೆಯಲ್ಲಿ ದೋಣಿ ನಿಲ್ಲಿಸಿ ಕ್ಲೋವಿಸ್ "ಬಟ್ಟೆ ಬದಲಾಯಿಸೋಣ" ಅನ್ನುತ್ತಿದ್ದ. ಇಬ್ಬರೂ ದಾರ ಕತ್ತರಿಸಿ ಮರದ ಮೀನನ್ನು ನಶ್ಯದ ಡಬ್ಬಿಗೆ ಸೇರಿಸಿ, ಬಿಳಿ ಕುಚ್ಚು ಕಟ್ಟಿಕೊಂಡು ದಡಕ್ಕೆ ಬರುತ್ತಿದ್ದರು. ಈ ಕಳ್ಳಾಟ ಅವರಿಬ್ಬರದೇ ಅಲ್ಲ. ಆ ಕೆರೆಯಲ್ಲಿ ಯಾರ ಕೋಲಿನ ತುದಿಯಲ್ಲೂ ನಿಜವಾದ ಎರೆ ದಡ ಮುಟ್ಟಿದ ದಾಖಲೆ ಇಲ್ಲ. ಆದರೆ ಉಳಿದವರ ಸುಳ್ಳು ವಾರಕ್ಕೊಂದು ಬಣ್ಣ. ಕ್ಲೋವಿಸ್ ಮಾತ್ರ ಕಟ್ಟಿಕೊಂಡ ಹೆಂಡತಿಗೆ ಇರುವ ಹಾಗೆ ಒಂದೇ ಸುಳ್ಳಿಗೆ ನಿಷ್ಠನಾಗಿದ್ದ. ಹಾಗಾಗಿ ಅದನ್ನು ಎಲ್ಲರೂ ನಂಬಿದರು. ಎಲ್ಲರಿಗಿಂತ ಹೆಚ್ಚು ನಂಬಿದವನು ಡಬ್. ವರ್ಷ ವರ್ಷವೂ ಎರಡನೆಯವನಾಗಿ ಬರುತ್ತ, ಕ್ಲೋವಿಸ್‌ನ ಕೋಲನ್ನು ಕದ್ದು ನೋಡುತ್ತ, ಬಿಳಿ ಕುಚ್ಚು ಎಸೆಯುತ್ತಲೇ ಬಂದಿದ್ದ.

ಮರದ ಮೀನು ಇದ್ದದ್ದು ಎರಡೇ. ಕ್ಲೋವಿಸ್‌ನದು ಕಳೆದ ಶರತ್ಕಾಲದಲ್ಲಿ ನೀರೊಳಗಿನ ಬೊಡ್ಡೆಗೆ ಸಿಕ್ಕಿ ದಾರ ಕಡಿದುಹೋಯಿತು. "ಚಳಿಗಾಲದಲ್ಲಿ ಇನ್ನೊಂದು ಕೆತ್ತಿದ್ರಾಯ್ತು ಬಿಡು," ಎಂದಿದ್ದ. ಉಳಿದದ್ದು ಹಾರ್ಲನ್‌ನದು. ಅದು ಈಗಲೂ ಅವನ ಅಂಗಿ ಜೇಬಿನಲ್ಲಿ, ಡಬ್ಬಿಯೊಳಗೆ ಇತ್ತು.

ಒಮ್ಮೆ ಅವನು ಬಾಯಿಮುಚ್ಚಿಕೊಂಡು ಇದ್ದದ್ದಾಗಿತ್ತು. ಚರ್ಚಿನಲ್ಲಿ ತೆರೆದ ಶವಪೆಟ್ಟಿಗೆಯ ಮುಂದೆ ಡಬ್ ಮೂಗು ಒರೆಸಿಕೊಳ್ಳುತ್ತ ಬಂದು, ಹೊಚ್ಚ ಹೊಸ ಬಿಳಿ ಕುಚ್ಚೊಂದನ್ನು ಕ್ಲೋವಿಸ್‌ನ ಕೋಟಿನ ಜೇಬಿಗೆ ಸೇರಿಸಿದ್ದ. ಹಾರ್ಲನ್ ಪಕ್ಕದಲ್ಲೇ ನಿಂತಿದ್ದ. ಮುಚ್ಚಳ ಹಾಕಿ ಒಯ್ದುಬಿಡುತ್ತಾರೆ, ಯಾರು ನೋಡುತ್ತಾರೆ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ಕಲ್ಲಿಗೆ ಮುಚ್ಚಳ ಇರುವುದಿಲ್ಲ.

ಹೇಳಿಬಿಡಬಹುದಿತ್ತು. ಹೇಳಿದರೆ ನೆಲ್ಡಾಳಿಂದ ಡಬ್‌ಗೆ, ಡಬ್‌ನಿಂದ ಊರಿಗೆ. ಕಪ್ಪಿನ ಮಾತು ಹಾಗಿರಲಿ. ಬೇಯಿಸಿದ ಕಡಲೆಕಾಯಿ ಬಾಯಿತುಂಬ ತುಂಬಿಕೊಂಡು ಕ್ಲೋವಿಸ್ "ಸತ್ರೂ ಹೇಳ್ಬಾರ್ದು ಕಣೋ" ಎಂದು ಮಾತು ತೆಗೆದುಕೊಂಡಿದ್ದ. ಅದಕ್ಕಿಂತ ದೊಡ್ಡ ಕಾರಣವೊಂದಿತ್ತು, ಹಾರ್ಲನ್ ಅದನ್ನು ತನ್ನೊಳಗೂ ಜೋರಾಗಿ ಹೇಳಿಕೊಂಡಿರಲಿಲ್ಲ. ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ ಅದು. ಈಗ ಒಬ್ಬನಿಗೆ. ಅದು ಗುಟ್ಟಾಗಿ ಇರುವಷ್ಟು ದಿನ ದೋಣಿಯ ಮುಂದಿನ ಸೀಟಿನಲ್ಲಿ ಕ್ಲೋವಿಸ್ ಇರುತ್ತಾನೆ ಅನ್ನಿಸುತ್ತಿತ್ತು.

"ಹೌದು ನೆಲ್ಡಾ," ಎಂದ. "ಇದೇ."

ಅವಳ ಮುಖ ಸಡಿಲವಾಯಿತು. ಬಿಳಿ ಕುಚ್ಚನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, "ಕೈ ತೊಳ್ಕೊಂಡು ಬಾ, ಒಂದು ಸ್ಯಾಂಡ್‌ವಿಚ್ ತಿಂದು ಹೋಗು. ಮುಖ ನೋಡು, ಇಮೋಜೀನ್ ನಿನಗೆ ಊಟ ಹಾಕ್ತಾಳೋ ಇಲ್ವೋ," ಎಂದಳು. ಹಾರ್ಲನ್ ಪಡಸಾಲೆ ದಾಟಿ ಬಚ್ಚಲಿಗೆ ಹೋದ. ಪಡಸಾಲೆಯ ಗೋಡೆಗೆ ಒತ್ತಿ ನೆಲ್ಡಾಳ ತಾಯಿ ಮದುವೆಗೆ ಕೊಟ್ಟ, ಘಮಘಮಿಸುವ ಸೀಡರ್ ಮರದ ಪೆಟ್ಟಿಗೆ ಇತ್ತು. ಅದರ ಒಂದು ಕಾಲು ಇಲ್ಲ. ಎಷ್ಟೋ ವರ್ಷದಿಂದ ಆ ಮೂಲೆಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಹಾರ್ಲನ್ ಆ ಇಟ್ಟಿಗೆಯ ಕಡೆ ನೋಡದೆ ಹೋದ, ನೋಡದೆ ಬಂದ.

ಮನೆಗೆ ಬಂದವನು ಕುರ್ಚಿಯಲ್ಲಿ ಕುಳಿತ, ಎದ್ದು ಸೋಫಾಗೆ ಹೋದ, ಅಲ್ಲಿಂದ ಎದ್ದು ಫ್ರಿಜ್ ತೆರೆದು ಒಳಗೆ ನೋಡಿ ಮುಚ್ಚಿದ. ಟಿವಿ ಹಾಕಿದ, ಆರಿಸಿದ. ಮತ್ತೆ ಫ್ರಿಜ್ ತೆರೆದ.

"ಆವಾಗ ನೋಡಿದ್ಯಲ್ಲ, ಅದೇ ಇರೋದು ಒಳಗೆ," ಎಂದಳು ಅವನ ಹೆಂಡತಿ ಇಮೋಜೀನ್, ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ. "ಹೊಸದಾಗಿ ಏನೂ ಮೊಟ್ಟೆ ಇಟ್ಟಿಲ್ಲ ಅದು."

"ಬಾಯಾರಿಕೆ."

"ಬಾಯಾರಿಕೆ ಆದವನು ನೀರು ಕುಡೀತಾನೆ. ನೀನು ಬಾಗಿಲು ತೆಗೆದು ತೆಗೆದು ಮುಚ್ತಿದೀಯ. ನೆಲ್ಡಾ ಅತ್ತಳಾ?"

"ಇಲ್ಲ."

"ಹಾಗಾದ್ರೆ ನೀನು ಅತ್ಯಾ?"

"ಕೆರೆ ಕಡೆ ಹೋಗಿ ಬರ್ತೀನಿ," ಎಂದ ಹಾರ್ಲನ್.

"ಹೋಗು ಪುಣ್ಯಾತ್ಮ. ಮೈಮೇಲೆ ಇರುವೆ ಬಿಟ್ಕೊಂಡ ಹಾಗೆ ಆಡ್ತಿದೀಯ. ನನ್ನ ಕೆಲಸ ಆದ್ರೂ ಆಗುತ್ತೆ."

ಮಧ್ಯಾಹ್ನದ ಕೆರೆಯ ಮೇಲೆ ಸಣ್ಣ ಗಾಳಿ ಇತ್ತು. ಹಾರ್ಲನ್ ಹಿಂದಿನ ಸೀಟಿನಲ್ಲೇ ಕುಳಿತ. ದೋಣಿ ಈಗ ಅವನೊಬ್ಬನದೇ ಆಗಿದ್ದರೂ ಮುಂದೆ ಹೋಗಿ ಕೂರಲು ಮನಸ್ಸು ಬಂದಿರಲಿಲ್ಲ. ಡಬ್ಬಿಯಿಂದ ಮರದ ಮೀನು ತೆಗೆದು ಕಟ್ಟಿದ. ಹತ್ತು ಸಲ ಎಸೆಯುವಷ್ಟರಲ್ಲಿ ಬೇಸರವಾಗಿ ಹಸಿರು ಹುಳು ಕಟ್ಟಿದ. ಅದನ್ನು ಬಿಚ್ಚಿ ಕಪ್ಪೆ ಕಟ್ಟಿದ. ಜಾಗ ಬದಲಾಯಿಸಿದ. ಅಲ್ಲೂ ನಿಲ್ಲಲಿಲ್ಲ. ಇದು ಅವನ ಹಳೆಯ ಕಾಯಿಲೆ. ಒಂದೇ ಎರೆಯ ಮೇಲೆ ನಂಬಿಕೆ ಇಟ್ಟು ಕೂರುವುದು ಅವನಿಂದ ಆಗುತ್ತಿರಲಿಲ್ಲ. "ನೀನು ಎರೆ ಕಟ್ಟೋದರಲ್ಲೇ ಮೀನಿಗೆ ವಯಸ್ಸಾಗುತ್ತೆ ಕಣೋ," ಎಂದು ಕ್ಲೋವಿಸ್ ಮುಂದಿನ ಸೀಟಿನಿಂದಲೇ ಹಂಗಿಸುತ್ತಿದ್ದ. ಅವನು ಹಂಗಿಸುತ್ತಿದ್ದುದರಿಂದಲೇ ಹಾರ್ಲನ್‌ಗೆ ಮರದ ಮೀನಿಗೆ ಮರಳಬೇಕು ಅನ್ನಿಸುತ್ತಿತ್ತು. ಈ ಹೊತ್ತು ಹಂಗಿಸುವವರಿರಲಿಲ್ಲ. ಸುಮಾರು ಹೊತ್ತು ಚಡಪಡಿಸಿ, ಕೊನೆಗೆ ತಾನೇ ಮತ್ತೆ ಅದನ್ನು ಕಟ್ಟಿದ.

ಮುರಿದ ಮರದ ಪಕ್ಕದಲ್ಲಿ ಅದು ಓಲಾಡುತ್ತ ಬರುವಾಗ ದಾರ ಬಿಗಿಯಿತು. ಕೋಲು ಬಾಗಿತು. ಮೀನು ಒಮ್ಮೆ ನೀರಿನಿಂದ ಮೇಲೆ ಹಾರಿ ತಲೆ ಕೊಡವಿ ಬಿತ್ತು. ಎಳೆದು ಎಳೆದು ಹತ್ತಿರ ತಂದು, ಅದರ ಕೆಳತುಟಿಯನ್ನು ಹೆಬ್ಬೆರಳಿನಿಂದ ಹಿಡಿದು ಎತ್ತಿದ. ಮರಳುಕಾಗದದಂಥ ಹಲ್ಲು ಚರ್ಮವನ್ನು ಉಜ್ಜಿತು. ಒಳ್ಳೆಯ ಮೀನು, ಕಪ್ಪಿನ ದಿನ ಸಿಕ್ಕಿದ್ದರೆ ಕುಣಿಯಬಹುದಾದಂಥದು. "ನೋಡಿದ್ಯಾ?" ಎಂದು ಮುಂದಕ್ಕೆ ತಿರುಗಿದ. ಖಾಲಿ ಸೀಟು ಬಿಸಿಲಲ್ಲಿ ಕಾಯುತ್ತಿತ್ತು. ಹಾರ್ಲನ್ ಮೀನನ್ನು ನೀರಿಗೆ ಬಿಟ್ಟ.

ಅಷ್ಟರಲ್ಲಿ ತಿರುವಿನ ಆಚೆ ಎಂಜಿನ್ನಿನ ಸದ್ದು ಕೇಳಿತು. ಕ್ಲಬ್ಬಿನ ದೋಣಿ. ಹಾರ್ಲನ್ ಏನೂ ಯೋಚಿಸಲಿಲ್ಲ, ಅವನ ಕೈಗಳು ಯೋಚಿಸಿದವು. ದಾರ ಕತ್ತರಿಸಿ, ಮೀನನ್ನು ಡಬ್ಬಿಗೆ ಹಾಕಿ, ಬಿಳಿ ಕುಚ್ಚು ಎತ್ತಿಕೊಂಡು, ಗಂಟು ಬಿಗಿದು, ಎಂಜಲು ಸವರಿ ಎಳೆಯುವಷ್ಟರಲ್ಲಿ ದೋಣಿ ತಿರುವು ದಾಟಿತ್ತು. ಅದರಲ್ಲಿದ್ದ ಇಬ್ಬರು ವೇಗ ತಗ್ಗಿಸಿದರು.

"ಏನಾದ್ರೂ ಸಿಕ್ತಾ ಹಾರ್ಲನ್?"

"ಸಿಕ್ತು, ನೆಗಡಿ."

"ಬಿಳಿ ಕುಚ್ಚೇ ತಾನೆ?"

"ಮತ್ತೇನು ಕಟ್ಲಿ?"

"ಕ್ಲೋವಿಸ್ ಮೇಲಿಂದ ನೋಡ್ತಿರ್ತಾನೆ ಬಿಡು," ಎಂದು ಅವರಲ್ಲೊಬ್ಬ ಖಾಲಿ ಸೀಟಿನ ಕಡೆ ತಿರುಗಿ ಟೋಪಿ ತೆಗೆದ. ಇನ್ನೊಬ್ಬನೂ ತೆಗೆದ. ದೋಣಿ ಮುಂದೆ ಹೋಯಿತು.

ಇಂಥ ಹೊತ್ತಿನಲ್ಲಿ ಕ್ಲೋವಿಸ್ ತುಟಿ ಕಚ್ಚಿಕೊಂಡು, ಎಂಜಿನ್ನಿನ ಸದ್ದು ಪೂರ್ತಿ ಅಡಗುವವರೆಗೆ ಕಲ್ಲಿನ ಹಾಗೆ ಕೂತಿರುತ್ತಿದ್ದ. ಆಮೇಲೆ ನಗುತ್ತಿದ್ದ. ದೋಣಿಯೇ ಅಲ್ಲಾಡುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. ಹಾರ್ಲನ್ ಸದ್ದು ಅಡಗುವವರೆಗೆ ಕಾದ. ನಗು ಬರಲಿಲ್ಲ. ಇಬ್ಬರಿದ್ದಾಗ ಅದು ಆಟವಾಗಿತ್ತು. ಈಗ ಬರೀ ಸುಳ್ಳು, ಅದೂ ಸತ್ತವನಿಗೆ ಟೋಪಿ ತೆಗೆದವರ ಮುಖದ ಮೇಲೆ ಹೇಳಿದ ಸುಳ್ಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇನ್ನು ಪ್ರತಿ ಭಾನುವಾರ ಚರ್ಚು ಮುಗಿಸಿ ನೆಲ್ಡಾ ಹೂ ಹಿಡಿದು ಆ ಕಲ್ಲಿನ ಮುಂದೆ ನಿಲ್ಲುತ್ತಾಳೆ. ಅವಳನ್ನೂ ಅದರ ಪಕ್ಕದಲ್ಲೇ ಮಲಗಿಸುವ ತನಕ ನಿಲ್ಲುತ್ತಾಳೆ. ಕ್ಲೋವಿಸ್ ಒಂದು ದಿನವೂ ಇಷ್ಟಪಡದಿದ್ದ ವಸ್ತುವನ್ನು ಪ್ರೀತಿಯಿಂದ ಸವರುತ್ತಾಳೆ. ಹಾರ್ಲನ್ ಸೂರ್ಯನ ಕಡೆ ನೋಡಿದ. ನಾಲ್ಕಕ್ಕೆ ಹೆಚ್ಚು ಹೊತ್ತಿರಲಿಲ್ಲ. ಕೋಲನ್ನು ದೋಣಿಯ ತಳಕ್ಕೆ ಎಸೆದು ಎಂಜಿನ್ ಹಗ್ಗ ಎಳೆದ.

ಡಬ್‌ನ ಅಂಗಡಿಯ ಅಂಗಳದಲ್ಲಿ ಇನ್ನೂ ಹೆಸರಿಲ್ಲದ ಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ನೆಲ್ಡಾಳ ಕಾರು ಕಂಡಿತು. ದೋಣಿಯನ್ನು ಹಿಂದೆ ಎಳೆದುಕೊಂಡೇ ಬಂದ ಹಾರ್ಲನ್ ಪಿಕಪ್ಪನ್ನು ದಾರಿಗಡ್ಡವಾಗಿ ನಿಲ್ಲಿಸಿ ಒಳಗೆ ನುಗ್ಗಿದ. ಒಳಗೆ ಡಬ್ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಸುಮ್ಮನೆ ನಿಂತಿದ್ದ. ಅವನ ಮುಂದಿದ್ದ ಹಾಳೆಯಲ್ಲಿ ಬಾಯ್ತೆರೆದ ಮೀನು ಇತ್ತು, ಬಾಯಿ ಖಾಲಿ ಇತ್ತು. ನೆಲ್ಡಾ ಕುರ್ಚಿಯಲ್ಲಿ ಕುಳಿತು, ಕಿಟಕಿಯ ಬೆಳಕಿಗೆ ಬಿಳಿ ಕುಚ್ಚನ್ನು ಹಿಡಿದಿದ್ದಳು.

"ಬಂದ್ಯಾ? ಒಳ್ಳೇದಾಯ್ತು," ಎಂದಳು. "ಇದೊಂದು ಹೇಳು. ಇದರ ಮೇಲೆ ಗೀರು ಎಲ್ಲಿ?"

"ಗೀರಾ?"

"ಅವನ ಹೆಬ್ಬೆರಳು ನೋಡಿದೀಯಲ್ಲ. ಮೀನಿನ ಹಲ್ಲು ಉಜ್ಜಿ ಉಜ್ಜಿ ವರ್ಷ ಪೂರ್ತಿ ಸುಲಿದಿರ್ತಿತ್ತು. ರಾತ್ರಿ ನನ್ನ ಕೈ ಹಿಡಿದ್ರೆ ಚುಚ್ಚೋದು. ಬೆರಳಿಗೆ ಹಾಗೆ ಆದ ಮೇಲೆ ಇದಕ್ಕೆ ಏನಾಗಿರ್ಬೇಕು? ಬಣ್ಣ ಹೋಗಿಲ್ಲ, ತಗಡು ಮಾಸಿಲ್ಲ. ನನ್ನ ಬಾಣಲೆ ನೋಡಿದ್ರೆ ನಾನು ಎಷ್ಟು ಅಡುಗೆ ಮಾಡಿದೀನಿ ಅಂತ ಯಾರಾದ್ರೂ ಹೇಳ್ತಾರೆ. ಇದು ಒಂದು ದಿನ ಕೆಲಸ ಮಾಡಿದ ವಸ್ತು ಅಲ್ಲ."

"ಆಗಾಗ ಹೊಸದು ತಗೋತಿದ್ನೇನೋ ನೆಲ್ಡಾ," ಎಂದ ಡಬ್.

"ಯಾರು, ಕ್ಲೋವಿಸ್ ಹೊಸದು ತಗೊಳ್ಳೋದಾ? ಬ್ರಷ್ಷಿನ ಕೂದಲೆಲ್ಲ ಉದುರಿದ ಮೇಲೂ ಅದರಲ್ಲೇ ಹಲ್ಲುಜ್ಜುತಿದ್ದ ಮನುಷ್ಯ ಕಣೋ ಅವನು." ಅವಳು ಹಾರ್ಲನ್‌ನನ್ನೇ ನೋಡುತ್ತಿದ್ದಳು. ಅವನ ಮುಖದಲ್ಲಿ ಏನು ಕಂಡಿತೋ, ಮೆಲ್ಲಗೆ, "ಡಬ್, ನೀನು ಒಂದು ಗಳಿಗೆ ಹೊರಗಿರ್ತೀಯಾ?" ಎಂದಳು.

ಡಬ್ ಬಾಗಿಲ ಕಡೆ ಹೊರಟ. ಅವನು ಹೊರಗೆ ಹೋಗಿದ್ದರೆ ಹೇಗಾದರೂ ಸಂಭಾಳಿಸಬಹುದಿತ್ತು. ನೆಲ್ಡಾಳಿಗೆ ಹೇಳಿ, ಅವಳಿಂದ ಆಣೆ ಹಾಕಿಸಿಕೊಂಡು, ಕಲ್ಲಿನ ಮೇಲೆ ಬರೀ ಮೀನು ಸಾಕು ಎಂದುಬಿಡಬಹುದಿತ್ತು. ಕಪ್ಪೂ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ಆದರೆ ಬಾಗಿಲಿಗೆ ಹೋಗುತ್ತಿದ್ದ ಆ ಅಗಲ ಬೆನ್ನನ್ನು ನೋಡಿದಾಗ ಹಾರ್ಲನ್‌ಗೆ ಶವಪೆಟ್ಟಿಗೆಯ ಮುಂದೆ ಬಾಗಿದ್ದ ಬೆನ್ನು ನೆನಪಾಯಿತು.

"ಬೇಡ," ಎಂದ. "ಡಬ್ ಇಲ್ಲೇ ಇರ್ಲಿ."

ಜೇಬಿನಿಂದ ಡಬ್ಬಿ ತೆಗೆದ. ಮುಚ್ಚಳ ಬಿಗಿಯಾಗಿತ್ತು, ಎರಡು ಸಲ ಜಾರಿತು. ಮರದ ಮೀನನ್ನು ಬಿಳಿ ಕುಚ್ಚಿನ ಪಕ್ಕದಲ್ಲಿಟ್ಟ. ಅದರ ಮೈಮೇಲೆ ಗೀರಿಲ್ಲದ ಜಾಗವೇ ಇರಲಿಲ್ಲ. ಹೊಟ್ಟೆಯ ಬಣ್ಣವೆಲ್ಲ ಹೋಗಿ ಕೆಂಪು ಮರ ಕಾಣುತ್ತಿತ್ತು. ಆಚೀಚೆ ಕಣ್ಣುಗಳು ಒಂದು ದೊಡ್ಡದು, ಒಂದು ಸಣ್ಣದು.

"ಇದು. ಮೊದಲಿಂದಲೂ ಇದೇ. ಬಿಳೀದನ್ನ ಸೇತುವೆ ಹತ್ರ ಬಂದ ಮೇಲೆ ಕಟ್ಕೋತಿದ್ವಿ," ಎಂದ.

ಡಬ್ ಹತ್ತಿರ ಬಂದು ಬಗ್ಗಿ ನೋಡಿದ. ಮುಟ್ಟಲಿಲ್ಲ. "ಇದಾ?" ಎಂದ. ಮತ್ತೆ, "ಈ ದರಿದ್ರದ್ದಾ?" ಎಂದ. ಆಮೇಲೆ ಮೇಜಿನ ಹಿಂದೆ ಹೋಗಿ ಒಂದು ಡ್ರಾಯರ್ ಪೂರ್ತಿ ಕಿತ್ತು ತಂದು ಮೇಜಿನ ಮೇಲೆ ಮಗುಚಿದ. ಬಿಳಿ ಕುಚ್ಚುಗಳು. ದೊಡ್ಡವು, ಸಣ್ಣವು, ಒಂದೆಲೆಯವು, ಎರಡೆಲೆಯವು, ಒಂದಕ್ಕೊಂದು ಸಿಕ್ಕಿಕೊಂಡು ಗುಡ್ಡೆಯಾಗಿ ಬಿದ್ದವು.

"ನಾನು ಇವುಗಳನ್ನ ಎಸೆದು ಎಸೆದು ಭುಜ ಹಾಳು ಮಾಡ್ಕೊಂಡೆ ಹಾರ್ಲನ್. ಮೀನು ತಿರುಗಿ ನೋಡ್ಲಿಲ್ಲ ಅಂದ್ರೆ ನನ್ನ ಕೈಗುಣಾನೇ ಸರಿ ಇಲ್ಲ ಅಂದ್ಕೊಂಡೆ."

"ಗೊತ್ತು."

"ಅದು ಹೋಗ್ಲಿ. ಅದು ಕೆರೆ ಆಟ, ನಾನೂ ನಿಮಗೆ ಏನೇನೋ ಹೇಳಿದೀನಿ." ಅವನ ದನಿ ಬದಲಾಯಿತು. "ಅವನ ಜೇಬಿಗೆ ನಾನು ಇದನ್ನ ಇಟ್ನಲ್ಲ. ನೀನು ಪಕ್ಕದಲ್ಲೇ ಇದ್ದೆ. ನನ್ನ ಭುಜದ ಮೇಲೆ ಕೈ ಇಟ್ಟೆ ನೀನು."

"ಇಟ್ಟೆ," ಎಂದ ಹಾರ್ಲನ್. "ತಪ್ಪಾಯ್ತು ಡಬ್. ಆವತ್ತೇ ಹೇಳ್ಬೇಕಿತ್ತು."

ನೆಲ್ಡಾ ಮರದ ಮೀನನ್ನು ಎತ್ತಿಕೊಂಡು, ಕೊಕ್ಕೆ ಚುಚ್ಚದಂತೆ ಹಿಡಿದು, ಹೊಟ್ಟೆಯ ಕಡೆ ಮೂಗಿಗೆ ತಂದಳು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಮೂಸಿದಳು.

"ಇದು ಸೀಡರ್."

ಹಾರ್ಲನ್ ಚಾವಣಿ ನೋಡಿದ.

"ಹಾರ್ಲನ್ ಟಿಡ್‌ಮೋರ್. ಇದು ನನ್ನ ಪೆಟ್ಟಿಗೆ ಕಾಲು."

"ನಾನು ಬೇಡ ಅಂದೆ ನೆಲ್ಡಾ. ದೇವರಾಣೆ ಬೇಡ ಅಂದೆ."

"ಸಾ‍ಗಿಸೋವಾಗ ಮುರೀತು ಅಂದ! ಇಟ್ಟಿಗೆ ಇಟ್ಟು ನಿಲ್ಲಿಸಿ, ಭಾನುವಾರ ಸರಿ ಮಾಡ್ತೀನಿ ಅಂದ! ಎಷ್ಟು ಭಾನುವಾರ! ಅಮ್ಮ ಸಾಯೋವರೆಗೂ ಬಂದಾಗೆಲ್ಲ ಆ ಇಟ್ಟಿಗೆ ನೋಡಿ ನಿಟ್ಟುಸಿರು ಬಿಡೋಳು, ಅವನೂ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡೋನು!" ಅವಳಿಗೆ ನಗು ಬಂದಿತು. ತಡೆಯಲು ನೋಡಿದಳು, ಆಗಲಿಲ್ಲ. ನಗು ನಡುವೆಯೇ ಅಳುವಾಯಿತು, ಅಳುವಿನ ನಡುವೆ ಮತ್ತೆ ನಗು. ಗಂಡ ಸತ್ತ ಮೇಲೆ ಅವಳು ಹೀಗೆ ಬಾಯಿಬಿಟ್ಟು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಡಬ್ ಕೋಪದಲ್ಲೇ ಹೋಗಿ ನೀರು ತಂದುಕೊಟ್ಟ.

ನೀರು ಕುಡಿದು, ಮೂಗು ಒರೆಸಿಕೊಂಡು ಅವಳು ಹೇಳಿದಳು. "ಡಬ್, ಮೀನಿನ ಬಾಯಿಗೆ ಬಿಳೀದನ್ನೇ ಬರಿ."

"ನೆಲ್ಡಾ!" ಎಂದ ಹಾರ್ಲನ್. "ಅದು ಸುಳ್ಳು ಅಂತ ಹೇಳೋಕೇ ನಾನು ಓಡಿ ಬಂದದ್ದು."

"ಗೊತ್ತು ಕಣೋ. ಜನರ ಮುಂದೆ ಬರೋವಾಗ ಅವನು ಕಟ್ಕೊಂಡು ಬರ್ತಿದ್ದದ್ದು ಇದನ್ನೇ ತಾನೆ? ಆ ಕಲ್ಲಿನ ಮುಂದೆ ನಿಂತು ನೋಡೋರು ಜನರೇ. ಈಗ ಬಿಚ್ಚಿಸಿದ್ರೆ ಅವನು ನನ್ನ ಮೇಲೆ ಮುನಿಸ್ಕೋತಾನೆ." ಮರದ ಮೀನನ್ನು ಅಂಗೈಯಲ್ಲಿಟ್ಟುಕೊಂಡಳು. "ಆದ್ರೆ ಇದೂ ಅಲ್ಲಿರ್ಬೇಕು. ನಾನು ಅಲ್ಲಿ ನಿಂತಾಗ ಇದು ಇದೆ ಅಂತ ನನಗೆ ಗೊತ್ತಿರ್ಬೇಕು. ಎಲ್ಲಿ, ಹೇಗೆ ಅನ್ನೋದು ನಿನ್ನ ಕೆಲಸ, ಕಲ್ಲಿನವನು ನೀನು."

ಡಬ್ ಹಾಳೆಯನ್ನೇ ನೋಡುತ್ತ ನಿಂತ. ಅವನ ಮುಖ ಇನ್ನೂ ಬಿಗಿದೇ ಇತ್ತು. ಕೊನೆಗೆ ಕಿವಿಯ ಪೆನ್ಸಿಲ್ ತೆಗೆದು, ಕಲ್ಲಿನ ಚಿತ್ರದ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆದ.

"ನಿಮ್ಮ ಚರ್ಚಿನ ಸ್ಮಶಾನದಲ್ಲಿ ಪೀಠ ಕಟ್ಟೋ ಹಾಗಿಲ್ಲ. ಕಲ್ಲನ್ನ ನೇರ ನೆಲದಲ್ಲಿ ನೆಡೋದು," ಎಂದ. ಗೆರೆಯ ಕೆಳಗೆ ಪೆನ್ಸಿಲ್ ತಟ್ಟಿದ. "ಇಷ್ಟು ಮಣ್ಣೊಳಗೆ ಹೋಗುತ್ತೆ. ಇಲ್ಲಿ ನಾನು ಏನು ಕೊರೆದ್ರೂ ಹುಲ್ಲಿಗೂ ಗೊತ್ತಾಗಲ್ಲ."

ನೆಲ್ಡಾ ತಲೆಯಾಡಿಸಿದಳು. ಡಬ್ ಕೈ ಚಾಚಿದ. ಅವಳು ಮರದ ಮೀನನ್ನು ಅವನ ಕೈಗೆ ಕೊಟ್ಟಳು, ಕೊಡುವಾಗ ಹಾರ್ಲನ್ ಕಣ್ಣು ಬೇರೆ ಕಡೆ ಹೊರಳಿಸಿದ. ಡಬ್ ಅದನ್ನು ತಿರುಗಿಸಿ, ಬಾಲ ನೋಡಿ, ಮೂತಿಯ ತಗಡಿನ ಓರೆ ನೋಡಿ, "ಓಹೋ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ಓಹೋ ಹಾರ್ಲನ್‌ನ ಎದೆಗೆ ನಾಟಿತು. ಆದರೆ ಬೆಳಗಿನಿಂದ ಅಲ್ಲಾಡುತ್ತಿದ್ದ ಅವನ ಕಾಲು ನಿಂತಿತ್ತು.

"ಬರೆದಾದ ಮೇಲೆ ಅವನಿಗೆ ವಾಪಸ್ ಕೊಡು," ಎಂದಳು ನೆಲ್ಡಾ. "ಕಪ್ ಮುಗಿಯೋವರೆಗೆ ಹಾರ್ಲನ್ ಇಟ್ಕೊಳ್ಲಿ. ಆಮೇಲೆ ನನ್ನ ಪೆಟ್ಟಿಗೆ ಕಾಲು ನನ್ನ ಮನೆಗೆ ಬರ್ಬೇಕು."

ಕಪ್ಪಿನ ಹಿಂದಿನ ದಿನ ಬೆಳಿಗ್ಗೆ ಕಲ್ಲು ನೆಟ್ಟರು. ಡಬ್ ತನ್ನ ಲಾರಿಯ ಕ್ರೇನಿನ ತೋಳಿನಿಂದ ಅದನ್ನು ಗುಂಡಿಗೆ ಇಳಿಸಿ, ಮಟ್ಟ ನೋಡಿ, ಹಿಂಭಾಗಕ್ಕೆ ಮಣ್ಣು ತುಂಬಿದ. ಮುಂಭಾಗವನ್ನು ಹಾಗೇ ಬಿಟ್ಟು ನೆಲ್ಡಾಳನ್ನು ಕರೆದ. ಅವಳು ಟೋಪಿ ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಕಲ್ಲಿನ ಬುಡದಲ್ಲಿ, ಕೆಂಪು ಮಣ್ಣಿಗೆ ತಾಗುವ ಹಾಗೆ, ಹೆಬ್ಬೆರಳಿನಷ್ಟು ಮೀನೊಂದಿತ್ತು. ಅದರ ಮೈಯ ಒಂದೊಂದು ಗೀರನ್ನೂ ಡಬ್ ಕೊರೆದಿದ್ದ. ಎರಡೂ ಕಣ್ಣು ಕಾಣಬೇಕೆಂದು ಮೀನಿನ ಮುಖವನ್ನು ನೋಡುವವರ ಕಡೆಗೆ ತಿರುಗಿಸಿದ್ದ, ಒಂದು ದೊಡ್ಡದು, ಒಂದು ಸಣ್ಣದು. ನೆಲ್ಡಾ ಅದರ ಮೇಲೆ ಬೆರಳಾಡಿಸಿದಳು.

"ಚುಚ್ಚುತ್ತೆ," ಎಂದಳು.

ಆಗ ಚರ್ಚಿನ ರಸ್ತೆಯಲ್ಲಿ ಧೂಳು ಎದ್ದಿತು. "ಕ್ಲಬ್ಬಿನವರು," ಎಂದ ಡಬ್. "ಹಾರ್ಲನ್, ಮಣ್ಣು, ಮಣ್ಣು!"

ಗುದ್ದಲಿ ಲಾರಿಯ ಹತ್ತಿರ ಉಳಿದಿತ್ತು. ಹಾರ್ಲನ್ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಬಾಚಿದ. ನೆಲ್ಡಾ ಎದ್ದು ಲಂಗ ಅಗಲಿಸಿ ಒಂದು ಕಡೆ ಮರೆ ಹಿಡಿದಳು, ಡಬ್ ತನ್ನ ಅಗಲವಾದ ಮೈಯನ್ನು ಇನ್ನೊಂದು ಕಡೆ ಅಡ್ಡ ನಿಲ್ಲಿಸಿದ. ಪಿಕಪ್ಪಿನ ಬಾಗಿಲು ಬಡಿದು ಜನ ಇಳಿದು ಬರುವಷ್ಟರಲ್ಲಿ ಮಣ್ಣು ಹುಲ್ಲಿನ ಸಮಕ್ಕೆ ಬಂದಿತ್ತು. ಹಾರ್ಲನ್ ಕೆಂಪಾದ ಕೈಗಳನ್ನು ಜೇಬಿಗೆ ತುರುಕಿಕೊಂಡು ನಿಂತ.

ಬಂದವರು ಟೋಪಿ ತೆಗೆದರು. ಕರಿಕಲ್ಲಿನ ಮೇಲೆ ಬ್ಯಾಸ್ ಮೀನು ನೀರು ಚೆಲ್ಲುತ್ತ ಚಿಮ್ಮಿತ್ತು, ಬಾಯಲ್ಲಿ ಬಿಳಿ ಕುಚ್ಚಿನ ಒಂದೊಂದು ಎಳೆಯೂ ಕಾಣುತ್ತಿತ್ತು. ಅವರಲ್ಲೊಬ್ಬ ಹತ್ತಿರ ಹೋಗಿ ಬಗ್ಗಿ, ಕಣ್ಣು ಕಿರಿದಾಗಿಸಿ ನೋಡಿದ.

"ಎರಡೆಲೆಯದು," ಎಂದು ಪಕ್ಕದವನಿಗೆ ಪಿಸುಗುಟ್ಟಿದ. "ನಾನು ಹೇಳಿರ್ಲಿಲ್ವಾ? ನಾಳೆ ಎರಡೆಲೆಯದೇ ಕಟ್ಟೋದು."

ಸ್ವಲ್ಪ ಹೊತ್ತು ನಿಂತು, ನೆಲ್ಡಾಳ ಕೈ ಕುಲುಕಿ, ಅವರು ಪಿಕಪ್ ಹತ್ತಿದರು. ಗಾಡಿ ಹಿಂದೆ ಸರಿಯಿತು, ತಿರುಗಿತು, ಚರ್ಚು ದಾಟಿ ಇಳಿಜಾರಿಗೆ ಇಳಿಯಿತು. ಹಾರ್ಲನ್‌ಗೆ ತಾಗಿ ನಿಂತಿದ್ದ ಡಬ್‌ನ ಭುಜ ಸಣ್ಣಗೆ ಅಲುಗತೊಡಗಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಂಜಿನ್ನಿನ ಸದ್ದು ಪೂರ್ತಿ ಅಡಗುವವರೆಗೆ ಮೂವರೂ ತುಟಿ ಕಚ್ಚಿಕೊಂಡು ಕಲ್ಲಿನ ಮುಂದೆ ನಿಂತಿದ್ದರು.